ಮಾಸಿದ ಪಟ್ಟಿಗಳ ದಾರಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ದಫೇದಾರನ ಮೇಜಿನ ಮುಂದೆ ನಿಂತು, ಮಡಚಿದ ಪತ್ರಿಕೆಯನ್ನು ಅವನ ಕಡೆಗೆ ತಳ್ಳಿದಳು.

"ಸತ್ತವರ ಮೇಲೆ ಸುಳ್ಳು ಹೇಳಿದ್ರೆ ಕೇಸ್ ಆಗುತ್ತಾ?"

ದಫೇದಾರ ಬಂದವರನ್ನು ಮೊದಲು ನಗಿಸಿ ಆಮೇಲೆ ದೂರು ಬರೆದುಕೊಳ್ಳುವವನು. ಈ ಮುಖ ನೋಡಿದ ಮೇಲೆ ಅವನಿಗೆ ಏನೂ ಹೊಳೆಯಲಿಲ್ಲ. ಎದ್ದು ಒಳಗೆ ಹೋಗಿ ಇನ್‌ಸ್ಪೆಕ್ಟರಿಗೆ ತಿಳಿಸಿದ.

ಇನ್‌ಸ್ಪೆಕ್ಟರ್ ರಜೆ ಮುಗಿಸಿ ಬಂದದ್ದು ಅದೇ ಬೆಳಿಗ್ಗೆ. ಮೇಜಿನ ಮೇಲೆ ಅಸಹಜ ಸಾವಿನ ಕಡತವೊಂದು ಅವರ ಸಹಿಗಾಗಿ ಕಾದಿತ್ತು. ಸಮುದ್ರಕ್ಕೆ ಮೂಗು ಚಾಚಿದಂತಿದ್ದ ಗುಡ್ಡದ ಕೆಳಗೆ, ಬಂಡೆಗಳ ನಡುವೆ, ಗುರುವಾರ ಮಧ್ಯಾಹ್ನ ಮೀನುಗಾರರಿಗೆ ಒಬ್ಬ ನರ್ಸ್‌ನ ಶವ ಸಿಕ್ಕಿತ್ತು. ಕರಾವಳಿಯ ಕಾಲುದಾರಿಯಲ್ಲಿ ಒಬ್ಬಳೇ ನಡೆಯುತ್ತಿದ್ದವಳು. ಗುರುತಿನ ದಾರಿ ಬಿಟ್ಟು ಅಂಚಿಗೆ ಹೋಗಿ ಕಾಲು ಜಾರಿದ್ದಾಳೆ, ಅನುಮಾನವಿಲ್ಲ ಎಂದು ಕಡತ ಹೇಳುತ್ತಿತ್ತು. ಹೊರಗೆ ನಿಂತಿದ್ದವಳು ಆ ನರ್ಸ್‌ನ ತಂಗಿ. ಹೊಲಿಗೆ ಅಂಗಡಿ ಇಟ್ಟವಳು.

ಇನ್‌ಸ್ಪೆಕ್ಟರ್ ಪತ್ರಿಕೆ ಬಿಡಿಸಿದರು. ಆ ಕಾಲುದಾರಿಯನ್ನು ನೋಡಿಕೊಳ್ಳುವ ನಡಿಗೆ ಸಂಘದ ಅಧ್ಯಕ್ಷರ ಹೇಳಿಕೆ ಶನಿವಾರ ಅಚ್ಚಾಗಿತ್ತು. 'ಫೋಟೋ ಹುಚ್ಚಿಗೆ ದಾರಿ ಬಿಟ್ಟು ಅಂಚಿಗೆ ಹೋಗುವವರಿಗೆ ಸಂಘ ಹೊಣೆಯಲ್ಲ. ನಮ್ಮ ದಾರಿ ಸುರಕ್ಷಿತ.'

"ಇದರಲ್ಲಿ ಯಾವುದು ಸುಳ್ಳು?"

"ಎಲ್ಲಾ. ಅಕ್ಕನ ಫೋನ್ ನಿಮ್ಮತ್ರಾನೇ ಇದೆಯಲ್ಲ, ತೆಗೆದು ನೋಡಿ ಸಾರ್."

ಶವದ ಜೊತೆ ಸಿಕ್ಕ ವಸ್ತುಗಳ ಚೀಲವನ್ನು ದಫೇದಾರ ತಂದ. ಒಳಗೆ ನೀರು ಕುಡಿದು ಸತ್ತ ಫೋನ್ ಇತ್ತು. ಗುಂಡಿ ಒತ್ತುವ ಹಳೆಯ ನಮೂನೆಯದು. ಇನ್‌ಸ್ಪೆಕ್ಟರ್ ಅದನ್ನು ತಿರುಗಿಸಿ ನೋಡಿದರು. ಕ್ಯಾಮೆರಾ ಇರಲೇ ಇಲ್ಲ.

ಆ ಫೋನನ್ನು ಪಟ್ಟಿ ಮಾಡಿದವರು, ಮೊಹರು ಮಾಡಿದವರು, ಸಹಿ ಹಾಕಿದವರು ಎಲ್ಲರೂ ಈ ಠಾಣೆಯವರೇ. ಎಲ್ಲರ ಕೈಯೂ ಅದನ್ನು ಮುಟ್ಟಿತ್ತು. ಯಾರ ಕಣ್ಣೂ ನೋಡಿರಲಿಲ್ಲ.

"ಕೂತ್ಕೊಳ್ಳಮ್ಮ. ಇನ್ನೇನು?"

ಈಗ ಅವಳು ಕೂತಳು. "ಸತ್ತ ದಿನ ಬೆಳಿಗ್ಗೆ ಗುಡ್ಡದ ಬುಡದಿಂದ ಫೋನ್ ಮಾಡಿದ್ಲು. 'ಮೇಲೆ ಕಾಣೋ ಗೂಟಗಳಲ್ಲೆಲ್ಲಾ ಪಟ್ಟಿ ಮಾಸಿದೆ ಕಣೆ, ಅನುಮಾನ ಬಂತು, ಕೇಳ್ದೆ, ಸರಿ ಇದೆಯಂತೆ' ಅಂದ್ಲು. ಅಷ್ಟೇ. ಯಾರನ್ನ ಕೇಳಿದ್ಲು ಅಂತ ನಾನು ಕೇಳ್ಲಿಲ್ಲ. ಗಿರಾಕಿ ಬಂದಿದ್ರು."

"ಪಟ್ಟಿ ಅಂದ್ರೆ?"

"ದಾರಿ ತೋರಿಸೋ ಗೂಟಕ್ಕೆ ಕಟ್ಟೋ ಕೆಂಪು ಬಟ್ಟೆ. ಪ್ರತಿ ಮಳೆಗಾಲ ಕಳೆದ ಮೇಲೆ ಸಂಘದವರೊಬ್ರು ಪೂರ್ತಿ ದಾರಿ ನಡೆದು, ಹಳೇದು ಬಿಚ್ಚಿ ಹೊಸದು ಕಟ್ತಾರೆ. ಹೊಸ ಪಟ್ಟಿ ಇದ್ರೆ ಈ ವರ್ಷ ಆ ನೆಲದ ಮೇಲೆ ಒಬ್ಬರ ಕಾಲು ಬಿದ್ದಿದೆ ಅಂತ ಅರ್ಥ. ನಡೆಯೋರಿಗೆಲ್ಲ ಗೊತ್ತು."

ಎಫ್‌ಐಆರ್ ದಾಖಲಾಯಿತು. ಅಜಾಗರೂಕತೆಯಿಂದ ಸಾವಿಗೆ ಕಾರಣ, ಆರೋಪಿ ಅಪರಿಚಿತ. ಅವಳು ದೂರಿನ ಪ್ರತಿಯನ್ನು ಪೂರ್ತಿ ಓದಿ ಸಹಿ ಮಾಡಿದಳು. ಏಳುವಾಗ ಹೇಳಿದಳು: "ಯಾರನ್ನಾದ್ರೂ ಹಿಡೀರಿ, ಬಿಡ್ರಿ. ಅಕ್ಕ ದಾರಿ ಬಿಟ್ಟಿರ್ಲಿಲ್ಲ ಅಂತ ಸರ್ಕಾರದ ಕಾಗದದಲ್ಲಿ ಬರಬೇಕು. ಅವಳ ಆಸ್ಪತ್ರೇಲಿ ಈಗ ಹುಡುಗೀರು ಅವಳ ಹೆಸರೆತ್ತಿ ನಗ್ತಿದಾರೆ ಸಾರ್."

ಅವಳು ಹೋದ ಮೇಲೆ ಇನ್‌ಸ್ಪೆಕ್ಟರ್ ದಫೇದಾರನನ್ನು ನಿಲ್ಲಿಸಿಕೊಂಡರು.

"ಗುರುವಾರ ಗುಡ್ಡದ ಮೇಲೆ ಯಾರು ಹತ್ತಿದ್ರಿ?"

"ಗುರುವಾರ ಯಾರೂ ಹತ್ತಲಿಲ್ಲ ಸಾರ್. ಹೆಣ ಕೆಳಗಿತ್ತಲ್ಲ."

"ಹೆಣ ಕೆಳಗೇ ಹುಟ್ಟಿತ್ತಾ?"

ದಫೇದಾರ ಟೋಪಿ ಕೈಗೆ ತೆಗೆದುಕೊಂಡ. "ಶನಿವಾರ ಹೋಗಿದ್ವಿ ಸಾರ್. ಸಂಘದ ಅಧ್ಯಕ್ಷರೇ ಕರ್ಕೊಂಡು ಹೋಗಿ ತೋರಿಸಿದ್ರು. ಗೂಟಗಳು ಅಂಚಿನಿಂದ ಚೆನ್ನಾಗಿ ಒಳಗಿದ್ವು. ಹಾಗೇ ಬರೆದ್ವಿ."

"ಅವರು ತೋರಿಸಿದ್ರು, ನೀವು ಬರೆದ್ರಿ. ಹಾಗಾದ್ರೆ ಸಂಬಳಾನೂ ಅವರ ಹತ್ರಾನೇ ಇಸ್ಕೊಳ್ಳಿ."

ಮೃತಳ ಫೋನಿನ ಕರೆ ವಿವರ ಕೋರಿ ಪತ್ರ ಹೋಯಿತು. ಮಧ್ಯಾಹ್ನ ಇನ್‌ಸ್ಪೆಕ್ಟರ್, ಮಹಿಳಾ ಪೇದೆಯೊಬ್ಬಳೊಂದಿಗೆ ಅಕ್ಕತಂಗಿಯರ ಮನೆಗೆ ಹೋದರು. ಹೊಲಿಗೆ ಅಂಗಡಿಯ ಹಿಂದಿನ ಎರಡು ಕೋಣೆ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಕರಾವಳಿಯ ನಕ್ಷೆಗಳನ್ನು ಒಂದಕ್ಕೊಂದು ಅಂಟಿಸಿ ಹಾಸಲಾಗಿತ್ತು. ಐದು ಪೇಟೆಗಳು. ಪೇಟೆಯಿಂದ ಪೇಟೆಗೆ ನೀಲಿ ದಾರ, ನೀರು ಸಿಗುವ ಕಡೆ ಬಿಳಿ ಗುಂಡುಪಿನ್ನು, ರಾತ್ರಿ ತಂಗುವ ಕಡೆ ಅಂಗಿಯ ಗುಂಡಿ. ಹೊಳೆ ಸಮುದ್ರ ಸೇರುವ ಕಡೆಗಳಲ್ಲಿ ಇಳಿತದ ಹೊತ್ತು ನೋಡಿಕೊಂಡೇ ದಾಟಬೇಕೆಂದು ಪೆನ್ಸಿಲ್ಲಿನಲ್ಲಿ ಗೀಚಿತ್ತು. ಗೋಡೆಗೆ ಒಂದೇ ಅಳತೆಯ ನಾಲ್ಕು ಬೆನ್ನುಚೀಲಗಳು ಆತುಕೊಂಡಿದ್ದವು. ತಂಗಿಯೇ ಹೊಲಿದದ್ದು.

"ನಾಲ್ಕು ಯಾಕೆ?"

"ನಾವಿಬ್ರು, ಅವಳ ವಾರ್ಡಿನ ಇಬ್ರು. ಬರೋ ತಿಂಗಳು ಹೊರಡೋದಿತ್ತು. ಅದಕ್ಕೇ ಅಕ್ಕ ಮೊದಲು ಒಬ್ಬಳೇ ಹೋಗಿ ಬರ್ತೀನಿ ಅಂದ್ಲು. 'ನಿನಗೆ ತಲೆ ಸುತ್ತು ಬರುತ್ತೆ, ನಿನ್ನ ಕಾಲು ಬೀಳೋ ಜಾಗದಲ್ಲಿ ನನ್ನ ಕಾಲು ಮೊದಲು ಬೀಳಲಿ' ಅಂತ." ತಂಗಿ ನಕ್ಷೆಯ ಮೇಲಿದ್ದ ಕತ್ತರಿಯನ್ನು ಎತ್ತಿ ಬೇರೆ ಕಡೆ ಇಟ್ಟಳು. "ಐದು ಪೇಟೆ ಒಟ್ಟಿಗೆ ನಡೆಯೋಣ ಅಂತ ಅವ್ವ ಇದ್ದಾಗಿಂದ ಹೇಳ್ತಿದ್ಲು. ಪೆನ್ಸಿಲ್ ಚೂಪು ಮಾಡೋದ್ರಲ್ಲೇ ವರ್ಷ ಕಳೆದ್ವಿ ಅಂತ ನಾನೇ ರೇಗಿಸ್ತಿದ್ದೆ."

ಇಷ್ಟು ಎಚ್ಚರದಿಂದ ಹೆಜ್ಜೆ ಇಡುವವಳನ್ನು ಹುಚ್ಚಿ ಎಂದು ಅಚ್ಚು ಹಾಕಿಸಲು ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಬೇಕಾಗಿರಬಹುದು ಎಂದು ಇನ್‌ಸ್ಪೆಕ್ಟರ್ ಯೋಚಿಸುತ್ತಿದ್ದರು. ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಬೇಕಿಲ್ಲ.

ಸಂಘದ ಅಧ್ಯಕ್ಷರು ಕೊನೆಯ ಪೇಟೆಯಲ್ಲಿ ವಸತಿಗೃಹ ನಡೆಸುವವರು. ಮೂರೂವರೆಗೆ ಅವರ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಗೋಡೆಯ ಮೇಲೆ ನಡಿಗೆಯವರ ಫೋಟೋಗಳು. ಎಲ್ಲರೂ ಇವರ ವಸತಿಗೃಹದ ಮೆಟ್ಟಿಲ ಮೇಲೇ ನಿಂತು ನಗುತ್ತಿದ್ದರು.

"ಈ ವರ್ಷ ದಾರಿ ನಡೆದು ನೋಡಿದ್ದು ಯಾರು?"

"ಇನ್ಯಾರು ಸಾರ್, ಕಾಲಣ್ಣ. ಈ ದಾರಿ ಹುಟ್ಟಿದ್ದೇ ಅವರ ಕಾಲಲ್ಲಿ. ಅದಕ್ಕೇ ಆ ಹೆಸರು. ಅವರ ನಿಜವಾದ ಹೆಸರು ಅವರ ಹೆಂಡತಿಗೂ ಮರೆತು ಹೋಗಿರ್ಬೇಕು."

"ನೀವು ಜೊತೆಗೆ ಹೋಗಿದ್ರಾ?"

"ನಾನಾ? ನಂಗೆಲ್ಲಿ ಸಾರ್ ಪುರಸೊತ್ತು. ಅವರು ಬಂದು 'ಆಯ್ತು' ಅಂದ್ರೆ ನಾವು ದಾರಿ ತೆರೀತೀವಿ. ಅವರ ಬಾಯಿಮಾತೇ ನಮಗೆ ಮುದ್ರೆ. ಯಾವತ್ತೂ ಹಾಗೇನೇ."

"ನರ್ಸ್ ಫೋಟೋ ತೆಗೆಯೋಕೆ ಹೋದ್ಲು ಅಂತ ನಿಮಗೆ ಹೇಳಿದ್ದು ಯಾರು?"

"ಹೇಳೋದೇನು ಸಾರ್, ಈಗಿನೋರು ಅಂಚಿಗೆ ಇನ್ಯಾಕೆ ಹೋಗ್ತಾರೆ?"

ಇನ್‌ಸ್ಪೆಕ್ಟರ್ ಆ ಫೋನನ್ನು ಮೇಜಿನ ಮೇಲಿಟ್ಟರು. "ತೆಗೆದು ತೋರಿಸಿ ಒಂದು ಫೋಟೋ."

ಅಧ್ಯಕ್ಷರು ಫೋನನ್ನು ನೋಡಿದರು, ಇನ್‌ಸ್ಪೆಕ್ಟರನ್ನು ನೋಡಿದರು. ಆಮೇಲೆ ದನಿ ತಗ್ಗಿಸಿದರು. "ಸಾರ್, ನಡಿಗೆಯ ಕಾಲ ಈಗಷ್ಟೇ ಶುರುವಾಗಿದೆ. ಐದೂ ಪೇಟೆಯ ಹೊಟ್ಟೆಪಾಡು. ಹೋದವಳು ಹೋದಳು, ವಾಪಸ್ ಬರ್ತಾಳಾ? ಇರೋರನ್ನ ನೋಡ್ಬೇಕಲ್ಲ."

"ನೋಡ್ತೀನಿ. ಇರೋರನ್ನೇ ನೋಡೋಕೆ ಬಂದಿರೋದು."

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರು ಪಂಚರೊಂದಿಗೆ ತಂಡ ಗುಡ್ಡಕ್ಕೆ ಹೊರಟಿತು. ವಾಹನ ಮರಳಿನ ಸಣ್ಣ ಕೊಲ್ಲಿಯವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಬಂಡೆ ಕಡಿದು ಮಾಡಿದ ಮೆಟ್ಟಿಲು. ಕೊಲ್ಲಿಯವರೆಗಿನ ಗೂಟಗಳಲ್ಲಿ ಪಟ್ಟಿಗಳು ಹೊಸವು, ಮೆಣಸಿನಕಾಯಿಯಷ್ಟು ಕೆಂಪು. ಮೆಟ್ಟಿಲ ಮೊದಲ ತಿರುವಿನ ಗೂಟದಲ್ಲಿದ್ದ ಬಟ್ಟೆ ಬಿಸಿಲಿಗೆ ಬಿಳುಚಿ, ಅಂಚು ಎಳೆಎಳೆಯಾಗಿತ್ತು. ಅದರ ಮೇಲಿನದೂ ಹಾಗೇ. ಅದರ ಮುಂದಿನದೂ.

"ಕಾಲಣ್ಣನ ಕಾಲು ಇಲ್ಲಿಗೇ ನಿಂತಿದೆ ಸಾರ್," ಎಂದ ದಫೇದಾರ ಏದುಸಿರು ಬಿಡುತ್ತ. "ನನ್ನದೂ ನಿಲ್ಲೋ ಹಾಗಿದೆ."

ಮೇಲೆ ಗಾಳಿ ಜೋರಾಗಿತ್ತು. ಮೊಣಕಾಲುದ್ದದ ಹುಲ್ಲು, ಅಲ್ಲಲ್ಲಿ ಜೇಡಿ ನೆಲ, ಎಡಗಡೆಗೆ ಕಡಲು. ಮಳೆಗಾಲದಲ್ಲಿ ಗುಡ್ಡದ ಮಗ್ಗುಲು ದೊಡ್ಡದಾಗಿ ಕುಸಿದಿತ್ತು. ಆದರೆ ಮೇಲೆ ನಿಂತವರಿಗೆ ಅದು ಕಾಣುತ್ತಿರಲಿಲ್ಲ. ಬೇರು ಹೆಣೆದ ಹುಲ್ಲಿನ ಪದರ ಮಾತ್ರ ಚಪ್ಪರದಂತೆ ಮುಂದಕ್ಕೆ ಚಾಚಿ, ಅಡಿಯಲ್ಲಿ ಬರೀ ಗಾಳಿ ಇತ್ತು. ಆ ಚಪ್ಪರದಲ್ಲಿ ಒಂದು ಕಡೆ ಹೆಣ್ಣೊಬ್ಬಳು ಬೀಳುವಷ್ಟು ಅಗಲದ ಹರಕು. ಮಹಿಳಾ ಪೇದೆಯ ಸೊಂಟಕ್ಕೆ ಹಗ್ಗ ಕಟ್ಟಿ, ಹೊಟ್ಟೆಯ ಮೇಲೆ ಮಲಗಿಸಿ ಅಂಚಿಗೆ ಕಳಿಸಿದರು. ಅವಳು ಕೆಳಗೆ ನೋಡಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಕೈ ಚಾಚಿ ಹುಲ್ಲು ಸರಿಸಿದಳು.

"ಸಾರ್, ಇಲ್ಲೊಂದು ಕುಳಿ ಇದೆ. ಗೂಟದ್ದು. ಹುಲ್ಲು ತುರುಕಿದಾರೆ. ಆ ಕಡೆ ಇನ್ನೊಂದು."

ಎರಡೂ ಕುಳಿಗಳು ಹರಕಿನ ಆಚೆಈಚೆ, ಅಂಚಿಗೆ ಆತುಕೊಂಡೇ ಇದ್ದವು. ಹಿಂದಿನ ಗೂಟದ ಬಳಿ ದಫೇದಾರನನ್ನು ನಿಲ್ಲಿಸಿ, ಮುಂದಿನ ಗೂಟದವರೆಗೆ ಹಗ್ಗ ಎಳೆಸಿದರು. ಹಗ್ಗ ಎರಡು ಕುಳಿಗಳ ಮೇಲೆ, ಹರಕಿನ ಮೇಲೆ ನೇರವಾಗಿ ಹಾಯ್ದಿತು. ಶನಿವಾರ ಠಾಣೆಯವರಿಗೆ ತೋರಿಸಿದ್ದ ಎರಡು ಗೂಟಗಳು ಮಾತ್ರ ಆ ಸಾಲಿನಿಂದ ಹೊರಬಿದ್ದು, ಒಳಗಡೆ, ಯಾರೂ ತುಳಿದು ಸವೆಸದ ಹುಲ್ಲಿನ ನಡುವೆ ನಿಂತಿದ್ದವು.

ಆ ಎರಡಕ್ಕೇ ಹೊಸ ಪಟ್ಟಿ. ಇಡೀ ಗುಡ್ಡದಲ್ಲಿ ಆ ಎರಡಕ್ಕೆ ಮಾತ್ರ.

ಇನ್‌ಸ್ಪೆಕ್ಟರ್ ಅವುಗಳ ಮುಂದೆ ಬಹಳ ಹೊತ್ತು ನಿಂತರು. ಬೇರೆ ಯಾರಾದರೂ ಗೂಟ ಕಿತ್ತು ನೆಟ್ಟಿದ್ದರೆ ಹಳೆಯ ಬಟ್ಟೆಯನ್ನು ಹಾಗೇ ಬಿಟ್ಟಿರುತ್ತಿದ್ದರು. ಬಿಟ್ಟಿದ್ದರೆ ಅನುಮಾನವೂ ಬರುತ್ತಿರಲಿಲ್ಲ. ಗೂಟ ನೆಟ್ಟ ಮೇಲೆ ಹೊಸ ಪಟ್ಟಿ ಕಟ್ಟದೆ ಬಿಡಲು ಬಾರದ ಕೈ ಒಂದೇ ಇರಬೇಕು. ತಲೆ ಅಡಗಿಸಲು ಹೊರಟದ್ದನ್ನು ಕೈ ತನ್ನ ಪಾಡಿಗೆ ತಾನು ಸಾರಿತ್ತು.

"ಸಾರ್, ಇಲ್ಲಿ ನೋಡಿ," ದಫೇದಾರ ಕರೆದ. ಗೂಟದ ಪಕ್ಕದ ಜೇಡಿಯಲ್ಲಿ, ಹಸಿಯಿದ್ದಾಗ ಒತ್ತಿ ಈಗ ಒಣಗಿದ ಗುರುತುಗಳು. ಚಪ್ಪಲಿಯದಲ್ಲ. ದುಂಡನೆಯ ಎರಡು ಕುಳಿ, ಅವುಗಳ ಮುಂದೆ ಅಂಗೈ ಊರಿದ ಅಚ್ಚು. ಮತ್ತೆ ಎರಡು ಕುಳಿ, ಮತ್ತೆ ಅಂಗೈ. ಮೆಟ್ಟಿಲ ಕಡೆಯಿಂದ ಹೊರಟು ಅಂಚಿನವರೆಗೆ. "ಇದೇನ್ ಸಾರ್ ಅಂಬೆಗಾಲು? ಮಗು ಬಂದು ಗೂಟ ಕಿತ್ತಿತಾ?"

ಪಂಚನಾಮೆಯಲ್ಲಿ ಹೀಗೆ ಬರೆಸಲಾಯಿತು: 'ಮೊಣಕಾಲು ಮತ್ತು ಕೈಗಳ ಮೇಲೆ ಚಲಿಸಿದ ವಯಸ್ಕ ವ್ಯಕ್ತಿಯ ಗುರುತುಗಳು.' ಗುರುತುಗಳ ಅಚ್ಚು ತೆಗೆದು, ಎರಡು ಪಟ್ಟಿಗಳನ್ನೂ ಬಿಚ್ಚಿ ಮೊಹರು ಮಾಡಿದರು.

ಠಾಣೆಗೆ ಮರಳಿದಾಗ ಕರೆ ವಿವರ ಬಂದಿತ್ತು. ಗುರುವಾರ ಬೆಳಿಗ್ಗೆ ಮೃತಳು ಎರಡೇ ಕರೆ ಮಾಡಿದ್ದಳು. ಎರಡನೆಯದು ತಂಗಿಗೆ. ಮೊದಲನೆಯದು ಕಾಲಣ್ಣನ ನಂಬರಿಗೆ.

ಕಾಲಣ್ಣನದು ಬೀದಿಯ ಕೊನೆಯ ಮನೆ. ಸಂಜೆ ನಾಲ್ಕೂಕಾಲು. ಬಾಗಿಲು ತೆರೆದ ಹೆಂಗಸು ಖಾಕಿ ನೋಡಿ ಸೆರಗು ಸರಿಮಾಡಿಕೊಂಡಳು. ಒಳಗೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಗಲ ಎದೆಯ, ಬಿಸಿಲಿಗೆ ಕಂದಿದ ಮುಖದ ವೃದ್ಧ ಕೂತಿದ್ದ. ಕಾಲ ಮೇಲೆ ಶಾಲು ಹೊದ್ದುಕೊಂಡಿದ್ದ. ಏಳಲಿಲ್ಲ.

"ಬನ್ನಿ ಸಾರ್, ಬನ್ನಿ. ಆ ಹುಡುಗಿ ವಿಷಯಾನಾ? ಪಾಪ. ದಾರಿ ಬಿಡಬಾರದು ಅಂತ ಬಡ್ಕೋತೀವಿ, ಕೇಳಲ್ಲ."

"ಗುಡ್ಡ ಯಾವಾಗ ನಡೆದು ನೋಡಿದ್ರಿ?"

"ಹೋದ ತಿಂಗಳು. ಮಳೆ ನಿಂತ ಮೇಲೆ."

"ಗುಡ್ಡ ಕುಸಿದಿದ್ದು ನೋಡಿದ್ರಾ?"

ಆತ ಶಾಲನ್ನು ಇನ್ನಷ್ಟು ಎಳೆದುಕೊಂಡ. "ನೋಡಿದೆ. ಅದಕ್ಕೇ ಗೂಟ ಒಳಗೆ ಹಾಕಿದ್ದು."

"ಮತ್ತೆ ಉಳಿದ ಗೂಟಗಳಿಗೆ ಹೊಸ ಪಟ್ಟಿ ಯಾಕೆ ಕಟ್ಟಲಿಲ್ಲ?"

"ಬಟ್ಟೆ ಸಾಲಲಿಲ್ಲ."

"ಗುರುವಾರ ಬೆಳಿಗ್ಗೆ ಆ ಹೆಂಗಸು ನಿಮಗೆ ಫೋನ್ ಮಾಡಿ ಏನು ಕೇಳಿದ್ಲು?"

ಆತ ಕಿಟಕಿಯ ಕಡೆ ತಿರುಗಿದ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಇನ್‌ಸ್ಪೆಕ್ಟರ್ ಅವಳ ಕಡೆಗೇ ನೋಡುತ್ತ ಕೇಳಿದರು.

"ಅಮ್ಮಾ, ಇವರು ಕೊನೇ ಸಲ ಮೆಟ್ಟಿಲು ಹತ್ತಿದ್ದು ಯಾವಾಗ?"

"ನೀನು ಒಳಗೆ ಹೋಗು," ಎಂದ ಆತ.

ಅವಳು ಹೋಗಲಿಲ್ಲ. "ಮೆಟ್ಟಿಲಾ? ಬಚ್ಚಲಿಗೆ ಗೋಡೆ ಹಿಡ್ಕೊಂಡು ಹೋಗ್ತಾರೆ ಸಾರ್. ವರ್ಷದ ಮೇಲಾಯ್ತು. ಯಾರಿಗೂ ಹೇಳಬೇಡ ಅಂತ ನನ್ನ ಬಾಯಿಗೆ ಬೀಗ ಹಾಕಿದಾರೆ. ಪಟ್ಟಿ ಕಟ್ಟೋಕೆ ಹೋದಾಗ್ಲೂ ಸ್ಕೂಟರಲ್ಲೇ ಹೋಗಿ, ರಸ್ತೆ ಪಕ್ಕದ ಗೂಟಕ್ಕೆ ಮಾತ್ರ ಕಟ್ಟಿ ಬಂದ್ರು." ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಶುಕ್ರವಾರ ಎಲ್ಲಿಗೆ ಹೋಗಿದ್ರಿ ಅಂತ ಕೇಳಿದ್ದಕ್ಕೆ ಉತ್ತರಾನೇ ಇಲ್ಲ. ಪ್ಯಾಂಟಿನ ಮಂಡಿ ಹರಿದು ಜೇಡಿ ಮೆತ್ಕೊಂಡಿತ್ತು. ಮೂರು ಸಲ ಒಗೆದೆ, ಹೋಗಿಲ್ಲ."

ಮಹಿಳಾ ಪೇದೆ ಮುಂದೆ ಬಂದು ಶಾಲು ಸರಿಸಿದಳು. ಊದಿಕೊಂಡ ಎರಡೂ ಮಂಡಿಗಳ ಮೇಲೆ ಚರ್ಮ ಕಿತ್ತು ಕಪ್ಪುಗಟ್ಟಿತ್ತು. ಅಂಗೈಯೂ ಹಾಗೇ.

"ಹೇಗೆ ಹತ್ತಿದ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

ಆತ ಚರ್ಮ ಕಿತ್ತ ಅಂಗೈಗಳನ್ನು ನೋಡಿಕೊಂಡ.

"ಮೆಟ್ಟಿಲ ಮೇಲೆ ಕೂತು, ಹಿಂದಕ್ಕೆ ಹಿಂದಕ್ಕೆ ಏರಿದೆ. ಮೇಲೆ ಹೋದ ಮೇಲೆ ತೆವಳಿದೆ."

ಇನ್‌ಸ್ಪೆಕ್ಟರ್ ಎದ್ದು ನಿಂತರು. ಅವರು ದನಿ ಏರಿಸುವವರಲ್ಲ. ಈಗ ಏರಿತು.

"ಶುಕ್ರವಾರ ತೆವಳೋಕೆ ಆಯ್ತು. ಅದೇ ಹೋದ ತಿಂಗಳು ತೆವಳಿದ್ರೆ ಆ ಹೆಂಗಸು ಈವತ್ತು ವಾರ್ಡಲ್ಲಿ ಡ್ಯೂಟಿ ಮಾಡ್ತಿದ್ಲು! ಅವಳ ಜೀವ ಉಳಿಸೋಕೆ ಇಲ್ಲದ ಕಾಲು ನಿಮ್ಮ ಹೆಸರು ಉಳಿಸೋಕೆ ಎಲ್ಲಿಂದ ಬಂತ್ರೀ? ಸಾಯಿಸಿದ್ದು ಸಾಲದೂ ಅಂತ ಗೂಟ ಕಿತ್ತು, ತಪ್ಪೆಲ್ಲ ಅವಳದೇ ಅನ್ನಿಸಿಬಿಟ್ರಿ. ಅವಳ ಹೆಣದ ಮೇಲೂ ದಾರಿ ಮಾಡ್ಕೊಂಡ್ರಿ!"

ಆತ ತಲೆ ತಗ್ಗಿಸಲಿಲ್ಲ. ಹೆಂಡತಿ ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

ಹರಿದ ಪ್ಯಾಂಟು, ಸುತ್ತಿಗೆ, ಕೆಂಪು ಬಟ್ಟೆಯ ಉಳಿದ ಸುರುಳಿ ವಶವಾದವು. ಬಟ್ಟೆ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಐದೂವರೆಗೆ ಬಂಧನ ದಾಖಲಾಯಿತು. ಎಫ್‌ಐಆರಿಗೆ ಸಾಕ್ಷ್ಯನಾಶದ ಆರೋಪವೂ ಸೇರಿತು. ವಾಹನ ಬಾಗಿಲಿಗೇ ಬರಲಿ ಎಂದು ದಫೇದಾರ ಹೇಳಿದ. ಬೇಡ, ಬೀದಿಯ ತುದಿಯವರೆಗೆ ನಡೆದೇ ಬರುತ್ತೇನೆ ಎಂದ ಆತ.

"ಯಾರಿಗೆ ತೋರಿಸೋಕೆ?" ಎಂದರು ಇನ್‌ಸ್ಪೆಕ್ಟರ್. ವಾಹನ ಬಾಗಿಲಿಗೇ ಬಂತು. ಇಬ್ಬರು ಪೇದೆಗಳು ಎರಡೂ ಕಡೆ ಹಿಡಿದು ಎತ್ತಿ ಕೂರಿಸಿದರು. ಬೀದಿಯವರು ಬಾಗಿಲುಗಳಲ್ಲಿ ನಿಂತು ನೋಡಿದರು. ಅವರಲ್ಲಿ ಒಬ್ಬ ಮುದುಕಿ ಪಕ್ಕದವಳಿಗೆ, "ಅಯ್ಯೋ, ಕಾಲಣ್ಣನಿಗೆ ಕಾಲಿಗೇನಾಯ್ತೇ?" ಎಂದದ್ದು ವಾಹನದೊಳಗೂ ಕೇಳಿಸಿತು. ಆಗ ಮಾತ್ರ ಆತ ಮುಖ ಮುಚ್ಚಿಕೊಂಡ.

ಬುಧವಾರ ತಂಗಿಯನ್ನು ಠಾಣೆಗೆ ಕರೆಸಿದರು. ವರದಿಯ ಒಂದು ಸಾಲನ್ನು ಇನ್‌ಸ್ಪೆಕ್ಟರ್ ತಾವೇ ಓದಿ ಹೇಳಿದರು: 'ಮೃತಳು ಸಂಘವು ಗುರುತು ಮಾಡಿದ್ದ ದಾರಿಯಲ್ಲೇ ನಡೆಯುತ್ತಿದ್ದಳು, ಅನುಮಾನ ಬಂದಾಗ ವಿಚಾರಿಸಿಯೇ ಮುಂದೆ ಹೋಗಿದ್ದಳು.' ಮತ್ತೊಮ್ಮೆ ಓದಿ ಎಂದಳು. ಓದಿದರು. ಪತ್ರಿಕೆಯ ಹೇಳಿಕೆಯ ಬಗ್ಗೆ ಅಧ್ಯಕ್ಷರಿಗೆ ನೋಟಿಸು ಹೋಗಿದೆ ಎಂದು ದಫೇದಾರ ಹೇಳಿದ. ಅವರು ವಕೀಲರನ್ನು ಕಂಡಿದ್ದರು. ಕ್ಷಮೆ ಮಾತ್ರ ಇನ್ನೂ ಬಂದಿರಲಿಲ್ಲ.

ಹೊರಡುವಾಗ ಅವಳು ಪಡಸಾಲೆಯ ಬೆಂಚಿನ ಮೇಲೆ ಆತನನ್ನು ಕಂಡಳು. ನ್ಯಾಯಾಲಯಕ್ಕೆ ಒಯ್ಯಲು ಕೂರಿಸಿದ್ದರು. ಹತ್ತಿರ ಹೋಗಿ ನಿಂತಳು. ಮಹಿಳಾ ಪೇದೆ ಅಡ್ಡ ಬರಲು ಎದ್ದವಳು ನಿಂತುಬಿಟ್ಟಳು.

"'ನಾನು ನೋಡಿಲ್ಲಮ್ಮ' ಅಂದಿದ್ರೆ ಸಾಕಿತ್ತಲ್ಲ. ವಾಪಸ್ ಬಂದಿರೋಳು. ಅಷ್ಟೇ ಮಾತು. ಅಷ್ಟು ಕಷ್ಟಾನಾ?"

ಆತ ಅವಳ ಚಪ್ಪಲಿಗಳನ್ನು ನೋಡುತ್ತಿದ್ದ. ಉತ್ತರಕ್ಕಾಗಿ ಕಾದಳು. ಸಿಗಲಿಲ್ಲ. ಹೋದಳು.

ಉತ್ತರ ಅಂದು ಬೆಳಿಗ್ಗೆ ದಾಖಲಾದ ಹೇಳಿಕೆಯ ಕೊನೆಯಲ್ಲಿತ್ತು. ನರ್ಸ್‌ನ ಫೋನ್ ಬಂದಾಗ ನಿಜ ಹೇಳಲು ಬಾಯಿ ತೆರೆದಿದ್ದೆ ಎಂದು ಆತ ಹೇಳಿದ್ದ. ಅಷ್ಟರಲ್ಲಿ ಅವಳೇ, 'ಕಾಲಣ್ಣ, ಬೇರೆ ಯಾರು ಹೇಳಿದ್ರೂ ನಾನು ನಂಬಲ್ಲ, ನೀವು ಹೂಂ ಅಂದ್ರೆ ಹತ್ತುತೀನಿ' ಅಂದಳು. ಅಂಥ ಮಾತು ಕೇಳಿ ಬಹಳ ದಿನವಾಗಿತ್ತು. ಅದಕ್ಕೇ ಹೂಂ ಅಂದೆ.

ಬರೆದುಕೊಳ್ಳುತ್ತಿದ್ದ ದಫೇದಾರ ಅಲ್ಲಿ ಪೆನ್ನು ನಿಲ್ಲಿಸಿ, ಇದನ್ನೂ ಬರೀಬೇಕಾ ಎಂಬಂತೆ ಇನ್‌ಸ್ಪೆಕ್ಟರನ್ನು ನೋಡಿದ್ದ.

"ಬರೀರಿ," ಎಂದಿದ್ದರು ಅವರು. "ಹೇಳಿದ ಹಾಗೇ ಬರೀರಿ."